ಸುಗಂಧಾಳ ಎರಡನೆಯ ಕ್ಯಾಸೆಟ್

ಬಹಳ ಹಿಂದೆ, ರೈಲು ರಿಪೇರಿ ಮಾಡುವ ಒಂದು ಊರಲ್ಲಿ, ಸುಗಂಧಾ ಅಂತ ಒಬ್ಬಳಿದ್ದಳು. ಯಾವ ಇಸವಿ ಅಂತ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವಳು ಗಿಟಾರು ಹಿಡಿದು ಕೂಗಿದರೆ ಶೆಡ್ಡಿಗೆ ಹೊರಟ ಎಂಜಿನ್ ನಿಂತು ಕೇಳುತ್ತಿತ್ತಂತೆ. ನಿಂತದ್ದನ್ನು ಕಂಡವರು ಈಗ ಯಾರೂ ಇಲ್ಲ. ಕಂಡೆವು ಅಂದವರ ಮಾತು ಕೇಳಿದವರಿದ್ದಾರೆ.

ಅವಳ ಜೊತೆ ಇಬ್ಬರು. ಡ್ರಮ್ ಬಾರಿಸುವವನು ಫಿಟ್ಟರ್ ಸತ್ಯಮಿತ್ರ. ದಪ್ಪ ತಂತಿಯ ಗಿಟಾರಿನವನು ಖಾಜಾಸಾಬ. ಗಿಟಾರಿನ ಮೇಲೆ ಬೆರಳಿನ ಮೂರೇ ಪಟ್ಟು, ಎರಡೇ ನಿಮಿಷದ ಹಾಡು, ಉಸಿರು ಬಿಡಲೂ ಪುರುಸೊತ್ತಿಲ್ಲದ ಓಟ. ಪ್ರೀತಿ ಮುರಿದ ಸಿಟ್ಟನ್ನೂ ಕುಣಿಯುವ ಹಾಗೆ ಹಾಡುತ್ತಿದ್ದರು. ಅದಕ್ಕೆ ಪಾಪ್ ಪಂಕ್ ಅನ್ನುತ್ತಾರಂತೆ, ಅದು ಹೊರಗಿನವರ ಹೆಸರು. ಊರವರು ಅವರನ್ನು ಕರೆದದ್ದು ಗದ್ದಲದವರು ಅಂತ.

ಗದ್ದಲದವರ ಮೊದಲ ಕ್ಯಾಸೆಟ್ಟನ್ನು ತನ್ನ ಯಂತ್ರದಲ್ಲಿ ರೆಕಾರ್ಡ್ ಮಾಡಿ ಹಿಡಿದುಕೊಟ್ಟವನು ರೇಡಿಯೋ ರಿಪೇರಿಯ ರಾಚಯ್ಯ. ಅದು ಮನೆಮನೆ ಹೊಕ್ಕಿತು. ಅದರಲ್ಲಿ ಸುಗಂಧಾಳ ದನಿ ಸಣ್ಣಗೆ, ಚೂಪಾಗಿ, ಗುಬ್ಬಿಯ ಹಾಗೆ ಚಿಲಿಪಿಲಿ. ಮುದುಕಿಯರೂ ಅವಳ ಹಾಗೆ ಮೂಗೆತ್ತಿ ಹಾಡಿಕೊಂಡು ನೀರು ತುಂಬುತ್ತಿದ್ದರಂತೆ. ಅವಳು ಎಲ್ಲಿ ವೇದಿಕೆ ಹತ್ತಿದರೂ ಜನ ಹಾಡಿನ ಮೊದಲ ಸಾಲಿಗೇ ಎದ್ದು ತಾವೇ ಹಾಡಿಬಿಡುತ್ತಿದ್ದರು. ಆ ಅಬ್ಬರದಲ್ಲಿ ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಎರಡನೆಯ ಕ್ಯಾಸೆಟ್ ಬಂತು. ಈ ಸಲ ದೊಡ್ಡ ಊರಿನ ಸ್ಟುಡಿಯೋ, ಹೊಸ ಯಂತ್ರ. ಅದೇ ಸಿಟ್ಟು, ಅದೇ ತಮಾಷೆ. ದನಿ ಮಾತ್ರ ದಪ್ಪ, ತುಸು ಒರಟು. ಊರು ಒಂದು ದಿನ ಕೇಳಿತು, ಎರಡನೆಯ ದಿನ ಪಿಸುಗುಟ್ಟಿತು, ಮೂರನೆಯ ದಿನ ಬಾಯಿ ಬಿಟ್ಟೇ ಹೇಳಿತು: ಇವಳು ಸುಗಂಧಾ ಅಲ್ಲ.

ಗಂಟಲು ಹೋಗಿದೆ, ಮುಚ್ಚಿಡುತ್ತಿದ್ದಾರೆ ಅಂದರು. ಖಾಜಾಸಾಬ ಬೇರೆ ಯಾರನ್ನೋ ಕರೆತಂದು ಹಾಡಿಸಿದ್ದಾನೆ ಅಂದರು. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಮುಖಕ್ಕೇ ಕೇಳಿದಳು, "ಖರೇ ಹೇಳವಾ, ಹಾಡಿದಾಕಿ ಯಾರು?"

"ನಾನೇ ಅಲ್ಲೇನು!" ಅಂದಳು ಸುಗಂಧಾ. ಅಂದಳೇನೋ ನಿಜ. ಮನೆಗೆ ಹೋಗಿ ಎರಡೂ ಕ್ಯಾಸೆಟ್ಟನ್ನು ಒಂದಾದ ಮೇಲೊಂದು ಹಾಕಿ ಕೇಳಿದಳು. ಇವು ಒಂದೇ ಗಂಟಲಿನವಲ್ಲ.

ಆಮೇಲೆ ಅವಳಿಗೆ ಯಾರ ಮೇಲೂ ನಂಬಿಕೆ ಉಳಿಯಲಿಲ್ಲವಂತೆ. ಖಾಜಾಸಾಬ ಕಡೆಯ ಕೆಲಸಕ್ಕೆ ಒಬ್ಬನೇ ಸ್ಟುಡಿಯೋಗೆ ಹೋಗಿದ್ದು ನೆನಪಾಯಿತು. ಸತ್ಯಮಿತ್ರ ನಕ್ಕರೂ ಅದರೊಳಗೆ ಏನೋ ಇದೆ ಅನ್ನಿಸಿತು. ಕಡೆಗೆ ಕೇಳಿಯೇಬಿಟ್ಟಳು, "ನನ್ನ ದನಿ ತಗದು ಯಾರದು ಹಾಕೀರಿ?"

ಖಾಜಾಸಾಬ ಅವಳನ್ನೇ ನೋಡಿದ. "ಎರಡನೇದನ್ನ ಯಾಕ ಕೇಳ್ತೀ, ಸುಗಂಧಾ? ಮೊದಲನೇದನ್ನ ಹಿಡದವನ್ನ ಕೇಳು" ಅಂದ.

ಅವಳು ನೇರ ರಾಚಯ್ಯನ ಅಂಗಡಿಗೆ ಹೋದಳು. ಮುದುಕ ಮೊದಲು ಗೊತ್ತಿಲ್ಲ ಅಂದ. ಅವಳು ಕದಲಲಿಲ್ಲ. ಆಗ ತಲೆ ತಗ್ಗಿಸಿದ.

"ಆಗ ನನ್ನ ಯಂತ್ರದ ಬೆಲ್ಟ್ ಸಡ್ಲಾಗಿತ್ತು, ತಂಗಿ. ನಿಮ್ಮ ಹಾಡು ಹಿಡಿಯುವಾಗ ಟೇಪು ನಿಧಾನ ತಿರುಗಿತು. ನಿಧಾನ ಹಿಡಿದದ್ದು ಮಂದಿ ಮನೆಯ ಯಂತ್ರದಾಗ ಜೋರಾಗಿ ಓಡಿತು, ದನಿ ಸಣ್ಣಾತು. ಗೊತ್ತಾಗೋದ್ರಾಗ ಊರೆಲ್ಲ ಹಾಡಾಕ ಹತ್ತಿತ್ತು. ಹೆಂಗ ಹೇಳಲಿ?"

ಸುಳ್ಳಾಗಿದ್ದದ್ದು ಮೊದಲನೆಯದು. ಊರು ಪ್ರೀತಿಸಿದ ದನಿ ಯಾರದೂ ಆಗಿರಲಿಲ್ಲ.

ರಾಚಯ್ಯ ಅಳುಕುತ್ತ ಒಂದು ದಾರಿ ತೋರಿಸಿದ. "ಎರಡನೇದನ್ನೂ ಹಂಗೇ ಹಿಡಿದು ಕೊಡ್ತೀನಿ. ಮಂದಿ ಬಾಯಿ ಮುಚ್ಚತೈತಿ."

ಹೂಂ ಅಂದಿದ್ದರೆ ಊರು ಮತ್ತೆ ಅವಳದಾಗುತ್ತಿತ್ತು. "ಬ್ಯಾಡ ಕಾಕಾ" ಅಂದು ಹೊರಟಳು.

ಅವಳು ಹಾಡುತ್ತಾಳೆ ಅಂತ ಊರಿಗೆಲ್ಲ ಸುದ್ದಿ ಹೋಗಿ, ಭಾನುವಾರ ಬೆಳಿಗ್ಗೆ ವರ್ಕ್‌ಶಾಪಿನ ಮೈದಾನಕ್ಕೆ ಜನ ಕಿಕ್ಕಿರಿದು ಬಂದರು. ಹಾಡು ಕೇಳಲಿಕ್ಕಲ್ಲ, ಮೋಸ ಹಿಡಿಯಲಿಕ್ಕೆ. ಕೆಲವರು ವೇದಿಕೆಯ ಹಿಂದೆ ಹೋಗಿ ಬೇರೆ ಹೆಂಗಸು ಅಡಗಿದ್ದಾಳೋ ಅಂತ ಪರದೆ ಎತ್ತಿ ನೋಡಿದರಂತೆ. ಸುಗಂಧಾ ಗಿಟಾರನ್ನು ಕೆಳಗಿಟ್ಟಳು, ಮೈಕನ್ನು ಪಕ್ಕಕ್ಕೆ ಸರಿಸಿದಳು.

"ಇವತ್ತ ನೀವ್ಯಾರೂ ಹಾಡಬ್ಯಾಡ್ರಿ. ಒಂದ ಸಲ ಕೇಳ್ರಿ" ಅಂದಳು.

ಮೊದಲ ಕ್ಯಾಸೆಟ್ಟಿನ ಮೊದಲ ಹಾಡು, ಎಲ್ಲರ ಬಾಯಲ್ಲೂ ಇದ್ದ ಹಾಡು, ಅವಳ ಸ್ವಂತ ದನಿಯಲ್ಲಿ ಬಂತು. ದಪ್ಪ ದನಿ, ಒರಟು ದನಿ. ಮೈದಾನದ ಕೊನೆಯ ತನಕ ಹೋಯಿತು. ಹಾಡು ಮುಗಿದಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಬೆಲ್ಟಿನ ಕಥೆಯನ್ನು ಅವಳೇ ಹೇಳಿದಳು. ಅರ್ಧ ಜನ ಎದ್ದು ಹೋದರು. ಉಳಿದವರು, ಇನ್ನೊಂದು ಹಾಡವಾ, ಅಂದರು. ಅವಳು ಎರಡನೆಯ ಕ್ಯಾಸೆಟ್ಟನ್ನು ಪೂರಾ ಹಾಡಿದಳು. ಹಾಡುತ್ತ ಅತ್ತಳು ಅಂತ ಕೆಲವರು, ನಕ್ಕಳು ಅಂತ ಕೆಲವರು.

ಅನುಮಾನ ಮಾತ್ರ ಪೂರ್ತಿ ಸಾಯಲಿಲ್ಲ. ಮೈದಾನದಲ್ಲಿ ನಿಂತವಳೇ ಬೇರೆ, ನಿಜವಾದ ಸುಗಂಧಾ ಎಲ್ಲೋ ಗುಬ್ಬಿಯ ದನಿಯಲ್ಲಿ ಹಾಡುತ್ತ ಇದ್ದಾಳೆ ಅನ್ನುವ ಮನೆಗಳು ಇವತ್ತಿಗೂ ಇವೆ.

ಆ ಊರಲ್ಲಿ ಈಗಲೂ ಯಾರು ಹಾಡಲು ನಿಂತರೂ ಮೊದಲ ಹಾಡಿಗೆ ಮೈಕು ಕೊಡುವುದಿಲ್ಲ. ಯಾರೂ ದನಿಗೂಡಿಸುವುದಿಲ್ಲ, ಮಗು ಅತ್ತರೆ ಹೊರಗೆ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೆ ಸುಗಂಧಾಳ ಹಾಡು ಅಂತಲೇ ಹೆಸರು. ಕೆಲವರು ಅವಳ ಮೇಲಿನ ಗೌರವಕ್ಕೆ ಸುಮ್ಮನಿರುತ್ತಾರೆ. ಇನ್ನು ಕೆಲವರು, ಹಾಡುತ್ತಿರುವವರು ಅವರೇ ಹೌದೋ ಅಲ್ಲವೋ ಅಂತ ನೋಡಿಕೊಳ್ಳುವುದಕ್ಕೆ.