ಯಾರದೂ ಅಲ್ಲದ ಕೊಲ್ಲಿ

"ಗುರುಗಳೇ, ಕಣ್ಣಾರೆ ಕಂಡದ್ದನ್ನು ಕಂಡಂತೆ, ಕಿವಿಯಾರೆ ಕೇಳಿದ್ದನ್ನು ಕೇಳಿದಂತೆ ಬರೆದರೆ ಅದರಲ್ಲಿ ತಪ್ಪು ಬರುವುದು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಕಾರಣವಿತ್ತು. ಆಶ್ರಮದಿಂದ ಸುತ್ತಮುತ್ತಲ ಹಳ್ಳಿಗಳ ಪರಿಚಯದ ಪುಸ್ತಕವೊಂದು ಬರಲಿತ್ತು. ಬರೆಯುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು. ಅವನು ಬರೆದದ್ದನ್ನು ಓದಿಸಿ ಕೇಳಿದ ಒಂದು ಹಳ್ಳಿಯವರು ಬೆಳಿಗ್ಗೆ ಬಂದು, "ಇದು ನಮ್ಮ ಊರಲ್ಲ" ಎಂದು ಹೇಳಿ ಹೋಗಿದ್ದರು. "ನಾನು ಒಂದಕ್ಷರ ಸುಳ್ಳು ಸೇರಿಸಿಲ್ಲ. ಅವರೇ ಹೇಳಿದ್ದನ್ನು ಬರೆದಿದ್ದೇನೆ" ಎಂದು ಶಿಷ್ಯ ಮುಖ ಊದಿಸಿಕೊಂಡು ಹೇಳಿದ.

ಕಾವಿ ತೊಡುವ ಮೊದಲು ಗುರುಗಳು ಹನ್ನೊಂದು ವರ್ಷ ಹಡಗುಗಳಲ್ಲಿ ಅಡುಗೆ ಮಾಡಿದವರು. ಸಿಟ್ಟು ಬಂದಾಗ ಇಂದಿಗೂ ಅಡುಗೆಭಟ್ಟನ ಹಾಗೆಯೇ ಮಾತಾಡುತ್ತಿದ್ದರು. "ಕೂತುಕೋ ಮಾರಾಯ. ಒಂದಕ್ಷರವೂ ಸುಳ್ಳಿಲ್ಲದ ಒಂದು ಪುಟದ ಕತೆ ಹೇಳುತ್ತೇನೆ" ಎಂದು ಆರಂಭಿಸಿದರು.

ಇಂಡೋನೇಷ್ಯಾದ ಪೂರ್ವದಲ್ಲಿ ಮಲುಕು ಎಂಬ ದ್ವೀಪಗಳ ಸೀಮೆಯಿದೆ. ಲವಂಗ, ಜಾಯಿಕಾಯಿಗಳ ತವರು ಅದು. ಅವುಗಳ ರುಚಿ ಹತ್ತಿ ಎಲ್ಲೆಲ್ಲಿಯವರೋ ಆ ಸೀಮೆಗೆ ನುಗ್ಗಿ, ನೂರಾರು ವರ್ಷ ಅಲ್ಲಿಯವರನ್ನು ಹಿಂಡಿದರು. ಆ ಸೀಮೆಯ ಅಂಚಿನ ಒಂದು ದ್ವೀಪದಲ್ಲಿ ಒಂದು ಹಳ್ಳಿ. ಅರುವತ್ತು ಮನೆ. ಹಿಂದೆ ಗುಡ್ಡ, ಮುಂದೆ ಕೊಲ್ಲಿ. ಅಲ್ಲಿಯವರು ಅನ್ನಕ್ಕೆ ಬದಲು ಸಾಗು ಮರದ ತಿರುಳಿನಿಂದ ತೆಗೆದ ಹಿಟ್ಟಿನ ಅಂಬಲಿ ಉಣ್ಣುತ್ತಾರೆ. ಗುಡ್ಡದ ಆಚೆ ಇನ್ನೊಂದು ಹಳ್ಳಿ. ಈ ಹಳ್ಳಿಯಲ್ಲಿ ಇಗರ್ಜಿ, ಆ ಹಳ್ಳಿಯಲ್ಲಿ ಮಸೀದಿ. ಆದರೂ ಹಿಂದಿನವರು ಅಣ್ಣತಮ್ಮಂದಿರಾಗಿರುತ್ತೇವೆ ಎಂದು ಆಣೆಯಿಟ್ಟಿದ್ದರು, ಇಂದಿನವರು ಅದನ್ನು ಮುರಿದಿಲ್ಲ. ಜಿಲ್ಲೆಯ ಪೇಟೆಯೂ ಆಸ್ಪತ್ರೆಯೂ ಕಡಲಿನ ಆಚೆ. ಹುಟ್ಟು ಹಾಕುತ್ತಾ ಹೋದರೆ ಇಡೀ ಒಂದು ಹಗಲಿನ ದಾರಿ. ಗಾಳಿ ಜೋರಾಗಿ ಬೀಸುವ ತಿಂಗಳುಗಳಲ್ಲಿ ಆ ದಾರಿಯೂ ಇಲ್ಲ.

ಆ ಊರಿನ ಒಬ್ಬ ಹೆಂಗಸಿನ ಮಗಳು ಹೆರಿಗೆ ನೋವು ತಿನ್ನುತ್ತಾ, ಆಸ್ಪತ್ರೆಯ ಅರ್ಧ ದಾರಿಯಲ್ಲಿ, ದೋಣಿಯಲ್ಲೇ ತೀರಿಕೊಂಡಳು. ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ. ದೋಣಿ ತಿರುಗಿ ಬಂದ ಮೇಲೆ ಊರಿನವರೆಲ್ಲ ಸಭೆ ಸೇರಿದರು. ಯಂತ್ರದ ದೋಣಿಯೊಂದು ಊರಿಗೆ ಬೇಕೇ ಬೇಕು ಎಂದು ತೀರ್ಮಾನವಾಯಿತು. ಅದನ್ನು ಕೊಳ್ಳುವುದಕ್ಕೆ ಅವರ ಹತ್ತಿರ ಇದ್ದದ್ದು ಕೊಲ್ಲಿ ಒಂದೇ.

ಕೊಲ್ಲಿಯ ತಳದ ಬಂಡೆಗಳ ಮೇಲೆ ಒಂದು ಬಗೆಯ ದೊಡ್ಡ ಬಸವನಹುಳು ಬೆಳೆಯುತ್ತದೆ. ಅದರ ಚಿಪ್ಪಿನಿಂದ ಅಂಗಿಯ ಗುಂಡಿ ಮಾಡುತ್ತಾರೆ, ಪೇಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಅದು ಚೆನ್ನಾಗಿ ಬಲಿಯಬೇಕಾದರೆ ಮೂರು ವರ್ಷ ಮುಟ್ಟದೆ ಬಿಡಬೇಕು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಬಲೆ ಎತ್ತಿಡುತ್ತಾರಲ್ಲ, ಹಾಗೆ ಅಲ್ಲಿಯವರು ಕಡಲಿನ ಒಂದು ತುಂಡನ್ನೇ ಕಟ್ಟಿಡುತ್ತಾರೆ. ಅದಕ್ಕೆ ಸಾಸಿ ಎಂದು ಹೆಸರು. ಕೊಲ್ಲಿಯ ಎರಡು ತುದಿಯಲ್ಲೂ ಕಂಬ ನೆಟ್ಟು ತೆಂಗಿನ ಎಳೆಗರಿ ಕಟ್ಟಿದರೆ ಮುಗಿಯಿತು. ಗರಿ ಇಳಿಸುವವರೆಗೆ ಯಾರೂ ಅಲ್ಲಿ ಬಲೆ ಬೀಸುವಂತಿಲ್ಲ, ಮುಳುಗುವಂತಿಲ್ಲ, ಒಂದು ಚಿಪ್ಪನ್ನೂ ಎತ್ತುವಂತಿಲ್ಲ.

ಆ ಊರಿನಲ್ಲಿ ಅದಕ್ಕೆ ಸೇರಿದ ಇನ್ನೊಂದು ಕಟ್ಟಳೆಯಿತ್ತು. ಗರಿ ಕಟ್ಟುವ ದಿನ ಮನೆಗೊಬ್ಬರು ಮುಂದೆ ಬಂದು, "ಇದು ನನ್ನದಲ್ಲ" ಎಂದು ಎಲ್ಲರ ಎದುರು ಹೇಳಬೇಕು. ಗರಿ ಇಳಿಯುವವರೆಗೂ ಆ ಮಾತಿಗೆ ತಪ್ಪುವಂತಿಲ್ಲ. ಯಾರಾದರೂ ಬಾಯಿತಪ್ಪಿಯಾದರೂ ಅದನ್ನು ತನ್ನದು ಎಂದರೆ, ಗುಡ್ಡದ ತೊರೆಯಿಂದ ನೂರು ಕಲ್ಲು ಹೊತ್ತು ತಂದು ದಡದ ಕಟ್ಟೆಗೆ ಹಾಕಬೇಕು. ಇಂದು ನನ್ನದು ಎಂದವನು ನಾಳೆ ನೀರಿಗೆ ಇಳಿಯುತ್ತಾನೆ ಎಂಬುದು ಅವರ ತಿಳಿವಳಿಕೆ. ಮಗಳನ್ನು ಕಳೆದುಕೊಂಡ ಆ ತಾಯಿಯೇ ಮೊದಲು ಎದ್ದು "ನನ್ನದಲ್ಲ" ಎಂದಳು.

ಹಾಗೆ ಕೊಲ್ಲಿ ಮುಚ್ಚಿತು. ಒಮ್ಮೆ ಬಿರುಗಾಳಿಗೆ ಅಲೆಗಳು ರಾಶಿ ಮೀನನ್ನು ದಡಕ್ಕೆ ತಂದು ಹಾಕಿದವು. ಊರಿನವರು ಅವನ್ನು ಬೊಗಸೆಯಲ್ಲಿ ಹಿಡಿದು ಮತ್ತೆ ನೀರಿಗೆ ಬಿಟ್ಟರು. ಮನೆಯಲ್ಲಿ ಅಂದು ಬರಿಯ ಅಂಬಲಿ. ನೋಡಲು ಅಲ್ಲಿ ಹೊರಗಿನವರು ಯಾರೂ ಇರಲಿಲ್ಲ.

ಒಂದು ವರ್ಷ ಕಳೆಯಿತು. ಆಗ ಅಲ್ಲಿಗೆ ಒಬ್ಬ ಬರಹಗಾರ ಬಂದ. ಯಾವುದೋ ಕಚೇರಿಯವರು ಹೆಚ್ಚು ಜನಕ್ಕೆ ಗೊತ್ತಿಲ್ಲದ ಹಳ್ಳಿಗಳ ಪರಿಚಯ ಬರೆಯಲು ಅವನನ್ನು ಕಳಿಸಿದ್ದರು. ಹಳ್ಳಿಗೊಂದು ಪುಟ. ದಿನಕ್ಕೆ ಎರಡು ಹಳ್ಳಿ ಮುಗಿಸುವ ಅವಸರ ಅವನದು. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಪೇಟೆಯಲ್ಲಿ ಕುಳಿತೇ ಬರೆದುಕೊಂಡು ಬಂದಿದ್ದ. ಕಟ್ಟೆಯ ಮೇಲೆ ಕುಳಿತು ಊರ ಹಿರಿಯನನ್ನು ಕರೆಸಿದ.

"ಈ ಕೊಲ್ಲಿಯಲ್ಲಿ ಮೀನು ಹಿಡಿಯುವವರು ಯಾರು?" ಎಂದು ಕೇಳಿದ.

"ಯಾರೂ ಇಲ್ಲ, ಬಾಪಾ" ಎಂದ ಹಿರಿಯ. ಬಾಪಾ ಎಂದರೆ ಅಪ್ಪ. ಪೇಟೆಯಿಂದ ಬಂದವನು ಮಗನ ವಯಸ್ಸಿನವನಾದರೂ ಆ ಕಡೆ ಹಾಗೆಯೇ ಕರೆಯುತ್ತಾರೆ.

"ಹಾಗಾದರೆ ಇದು ಯಾರ ಸ್ವತ್ತು?"

"ನನ್ನದಲ್ಲ."

"ಮತ್ತೆ ಯಾರದು?"

ಹಿರಿಯ ಸುತ್ತ ನಿಂತವರ ಕಡೆ ನೋಡಿದ. "ನನ್ನದಲ್ಲ" ಎಂದರು ಒಬ್ಬರು. "ನನ್ನದೂ ಅಲ್ಲ" ಎಂದರು ಇನ್ನೊಬ್ಬರು. ಎಲ್ಲರೂ ಅದನ್ನೇ ಹೇಳಿದರು.

ಅವರು ಯಾಕೆ ಬಿಡಿಸಿ ಹೇಳಲಿಲ್ಲ ಎಂದು ನೀನು ಕೇಳಬಹುದು. ಎರಡು ಕಡೆಯೂ ಗರಿ ಕಣ್ಣಿಗೆ ಹೊಡೆಯುವ ಹಾಗೆ ತೂಗುತ್ತಿತ್ತು. ಬೀಗ ಹಾಕಿದ ಬಾಗಿಲ ಮುಂದೆ ನಿಂತವನಿಗೆ ಇದು ಬೀಗ ಎಂದು ಯಾರಾದರೂ ಹೇಳುತ್ತಾರೆಯೇ? ಹೇಳಿದರೆ ಬಂದ ಅತಿಥಿಯನ್ನು ದಡ್ಡ ಎಂದ ಹಾಗಾಗುತ್ತದೆ, ಅದು ಮರ್ಯಾದೆಯಲ್ಲ ಎಂದುಕೊಂಡರು. ಅವರು ಮಾಡಿದ ತಪ್ಪು ಅದೊಂದೇ. ಓದಿದವನಿಗೆ ಕಣ್ಣೂ ಇರುತ್ತದೆ ಎಂದು ನಂಬಿಬಿಟ್ಟರು.

ಆ ತಾಯಿ ಅವನಿಗೆ ಅಂಬಲಿ ಕಾಯಿಸಿ, ಒಣಮೀನು ಸುಟ್ಟು ಬಡಿಸಿದಳು. ಕೊಲ್ಲಿ ಮುಚ್ಚಿದ್ದರಿಂದ ಗುಡ್ಡದಾಚೆಯ ಹಳ್ಳಿಯವರು ಹಿಂದಿನ ಆಣೆಯನ್ನು ನೆನೆದು ಕಳಿಸಿದ ಮೀನು ಅದು. ಬರಹಗಾರ ಎರಡು ಸಲ ಹಾಕಿಸಿಕೊಂಡು ಉಂಡ. ಊರಿಗೆ ಏನು ಬೇಕು ಎಂದು ಅವನು ಕೇಳಲಿಲ್ಲ. ಆ ಪ್ರಶ್ನೆ ಅವನ ಪಟ್ಟಿಯಲ್ಲಿ ಇರಲಿಲ್ಲ. ಬಿಸಿಲು ಇಳಿಯುವ ಮೊದಲೇ ದೋಣಿ ಹತ್ತಿ ಹೋದ.

ಅವನು ಬರೆದ ಪುಟ ನನಗೆ ಇಂದಿಗೂ ಬಾಯಿಪಾಠ. 'ಮನೆಗಳು ಅರುವತ್ತು. ಶಾಲೆ ಒಂದು. ಆಸ್ಪತ್ರೆ ಇಲ್ಲ. ಊರ ಮುಂದೆ ವಿಶಾಲವಾದ ಕೊಲ್ಲಿಯಿದ್ದು, ಅದಕ್ಕೆ ವಾರಸುದಾರರಿಲ್ಲ. ಜನರು ಅದರಲ್ಲಿ ಮೀನು ಹಿಡಿಯುವುದಿಲ್ಲ. ಕಡಲ ಪಕ್ಕದಲ್ಲಿದ್ದೂ ಒಣಮೀನು ತಿನ್ನುತ್ತಾರೆ. ದಡದಲ್ಲಿ ಕಂಬ ನೆಟ್ಟು ತೆಂಗಿನ ಗರಿ ಕಟ್ಟಿ ಸಿಂಗರಿಸುತ್ತಾರೆ. ಅತಿಥಿಗಳನ್ನು ಆದರಿಸುವ ಸರಳ ಜನ.'

ಸರಳ ಜನ! ಇದನ್ನು ಬರೆದ ಕೈಗೆ ಕಾದ ಸೌಟು ಮುಟ್ಟಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕಣ್ಣೆದುರು ಮೀನು ಹೊಳೆಯುತ್ತಿರುವಾಗ ಮೂರು ವರ್ಷ ಕೈ ಕಟ್ಟಿ ಕೂರುವುದು ಸರಳವೇ? ನೀನು ಏಕಾದಶಿಯ ದಿನ ಮಧ್ಯಾಹ್ನಕ್ಕೇ ಅಡುಗೆಮನೆಯ ಕಡೆ ಇಣುಕುವವನು. ನಿನಗೆ ಗೊತ್ತಾಗಬೇಕು.

ಶಿಷ್ಯ ನಗಲಿಲ್ಲ. ಗುರುಗಳೂ ನಗಿಸಲು ಹೇಳಿದ್ದಲ್ಲ. ಅವರು ಮುಂದುವರಿಸಿದರು.

ಪುಸ್ತಕ ಅಚ್ಚಾಯಿತು. ಪೇಟೆಯ ಒಬ್ಬ ವರ್ತಕ ಅದನ್ನು ಓದಿದ. ವಾರಸುದಾರರಿಲ್ಲ ಎಂಬಲ್ಲಿ ಬೆರಳಿಟ್ಟ. ಅಂಥ ಕೊಲ್ಲಿಯ ತಳದಲ್ಲಿ ಏನು ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಚೇರಿಗೆ ಹೋಗಿ ಆ ಪುಟವನ್ನೇ ತೋರಿಸಿ ಚಿಪ್ಪು ತೆಗೆಯಲು ಅಪ್ಪಣೆ ಪಡೆದ. ಕಚೇರಿಯವರಾದರೂ ಒಬ್ಬನನ್ನು ಕಳಿಸಿ ವಿಚಾರಿಸಬಹುದಿತ್ತು. ಅಚ್ಚಾದದ್ದನ್ನು ಮತ್ತೆ ವಿಚಾರಿಸುವುದೇಕೆ ಎಂದು ಮೊಹರು ಒತ್ತಿ ಕೊಟ್ಟರು. ವರ್ತಕ ಹಡಗು ಗೊತ್ತು ಮಾಡಿದ. ಮುಳುಗುವ ಜನರನ್ನು ಸೇರಿಸಿದ. ಅಡುಗೆಗೂ ಒಬ್ಬನನ್ನು ಇಟ್ಟುಕೊಂಡ. ಆ ಅಡುಗೆಯವನು ನಾನು.

ನಾವು ಕೊಲ್ಲಿಗೆ ಬಂದಾಗ ಗರಿ ಇಳಿಸಲು ಇನ್ನು ಎರಡೇ ತಿಂಗಳು ಉಳಿದಿತ್ತು. ಊರಿಗೆ ಊರೇ ದಡಕ್ಕೆ ಬಂದು ನಿಂತಿತು. ಹಿರಿಯ ಮಾತಾಡದೆ ಕಂಬದ ಕಡೆ ಕೈ ತೋರಿಸಿದ. ವರ್ತಕ ದಡಕ್ಕೆ ಇಳಿದು ಪುಸ್ತಕ ಬಿಡಿಸಿ ಆ ಪುಟವನ್ನು ಗಟ್ಟಿಯಾಗಿ ಓದಿದ.

"ನನ್ನದಲ್ಲ ಎಂದು ಹೇಳಿದವನು ನೀನು ತಾನೇ?" ಎಂದು ಕೇಳಿದ.

"ಹೌದು ಬಾಪಾ."

"ಸುಳ್ಳು ಹೇಳಿದ್ದೆಯೋ?"

"ಇಲ್ಲ. ನಿಜವನ್ನೇ ಹೇಳಿದ್ದೆ."

"ಹಾಗಾದರೆ ಈಗ ಹೇಳು. ಇದು ನಿನ್ನದೋ?"

ಹಿರಿಯನ ತುಟಿ ಅದುರಿತು. ನನ್ನದು ಎಂಬ ಒಂದು ಮಾತು ಅವನ ನಾಲಿಗೆಯ ತುದಿಗೆ ಬಂದದ್ದು ವರ್ತಕನ ಹಿಂದೆ ನಿಂತಿದ್ದ ನಮಗೂ ಕಂಡಿತು. ಆದರೆ ಗರಿ ಇನ್ನೂ ಕಂಬದ ಮೇಲಿತ್ತು. ಊರಿನ ಎದುರು ಆಡಿದ ಮಾತಿಗೆ ಊರಿನ ಹಿರಿಯನೇ ತಪ್ಪುವುದು ಹೇಗೆ?

ಆಗ ಆ ತಾಯಿ ಮುಂದೆ ಬಂದಳು. "ನನ್ನದು" ಎಂದಳು. "ನನ್ನ ಮಗಳು ಈ ಕಡಲಿನ ಮೇಲೆ ಸತ್ತಳು. ಇನ್ನೊಬ್ಬಳ ಮಗಳು ಹಾಗೆ ಸಾಯಬಾರದು, ಒಂದು ದೋಣಿ ತರೋಣ ಅಂತ ಇಷ್ಟು ದಿನ ಬಾಯಿ ಕಟ್ಟಿ ಕೂತಿದ್ದೇವೆ. ಇದು ನನ್ನದು. ಇವರೆಲ್ಲರದು."

ವರ್ತಕ ಪುಸ್ತಕ ಮುಚ್ಚಿದ. "ಹಡಗು ಕಂಡ ಮೇಲೆ ಎಲ್ಲರಿಗೂ ಎಲ್ಲವೂ ತಮ್ಮದಾಗುತ್ತದೆ" ಎಂದು ಹೇಳಿ, ಮುಳುಗುವವರಿಗೆ ಕೈಸನ್ನೆ ಮಾಡಿದ.

ಐದು ದಿನದಲ್ಲಿ ಕೊಲ್ಲಿ ಬರಿದಾಯಿತು. ಹೆಬ್ಬೆರಳಿನಷ್ಟು ಚಿಕ್ಕವನ್ನೂ ಬಿಡಲಿಲ್ಲ. ಆ ಐದು ದಿನವೂ ನಾನು ಡೆಕ್ಕಿನ ಮೇಲೆ ಅಕ್ಕಿ ತೊಳೆಯುತ್ತಾ ದಡದ ಕಡೆ ನೋಡುತ್ತಿದ್ದೆ. ಆ ಹೆಂಗಸು ಬರಿಗೈಯಲ್ಲಿ ಗುಡ್ಡ ಹತ್ತುತ್ತಿದ್ದಳು. ಕಲ್ಲು ಹೊತ್ತು ಇಳಿಯುತ್ತಿದ್ದಳು. ಕಟ್ಟೆಗೆ ಹಾಕಿ ಮತ್ತೆ ಹತ್ತುತ್ತಿದ್ದಳು. ಸಿಹಿನೀರು ತರಲು ಇಳಿದಾಗ ಹಿರಿಯನನ್ನು ಕೇಳಿದೆ. ಈ ಕತೆಯೆಲ್ಲ ನನಗೆ ಆಗಲೇ ತಿಳಿದದ್ದು. ಗರಿ ಇಳಿಯುವ ಮೊದಲು ನನ್ನದು ಎಂದಿದ್ದಳಲ್ಲ, ಅದಕ್ಕೆ ನೂರು ಕಲ್ಲು. ಯಾರೂ ಅವಳಿಗೆ ದಂಡ ಹಾಕಿರಲಿಲ್ಲ. ಬೇಡ ಎಂದು ಕೈ ಹಿಡಿದವರನ್ನು ಬಿಡಿಸಿಕೊಂಡು ಹೋದಳಂತೆ.

ಕದ್ದವನು ಕೈಯಲ್ಲಿ ಕಾಗದ ಇಟ್ಟುಕೊಂಡು ನೆರಳಿನಲ್ಲಿ ಮಲಗಿದ್ದ. ಕಳೆದುಕೊಂಡವಳು ಬಿಸಿಲಿನಲ್ಲಿ ದಂಡ ತೆರುತ್ತಿದ್ದಳು. ನಾನು ಕದ್ದವನಿಗೆ ಮೂರು ಹೊತ್ತೂ ಬಡಿಸಿದೆ, ಕೂಲಿಯನ್ನೂ ತೆಗೆದುಕೊಂಡೆ. ಅದು ನೆನಪಾದ ದಿನ ನನಗೆ ಈಗಲೂ ತುತ್ತು ಇಳಿಯುವುದಿಲ್ಲ. ಆಮೇಲೆ ಆ ಊರಿನ ಹೆಂಗಸರು ಹೆರಿಗೆಗೆ ಯಾವ ದೋಣಿಯಲ್ಲಿ ಹೋದರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗುತ್ತದೆ. ಆ ಪುಸ್ತಕ ಮಾತ್ರ ಎರಡನೆಯ ಸಲವೂ ಅಚ್ಚಾಯಿತು. ಒಂದಕ್ಷರ ಬದಲಾಗಿರಲಿಲ್ಲ. ಬದಲಾಯಿಸಲು ಅದರಲ್ಲಿ ಸುಳ್ಳೇನಿತ್ತು?

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ತನ್ನ ದೂರು ಅವನಿಗೆ ಮರೆತೇ ಹೋಗಿತ್ತು.

"ಎಂಥ ನೀಚರು, ಗುರುಗಳೇ" ಎಂದ. "ಆ ವರ್ತಕನ ಹೆಸರೇನು? ಆ ಬರಹಗಾರ ಯಾರು? ಅವರಿಬ್ಬರ ಹೆಸರು ನಾಲ್ಕು ಜನಕ್ಕೆ ಗೊತ್ತಾಗಬೇಕು. ಹೇಳಿ, ನಾನೇ ಬರೆಯುತ್ತೇನೆ."

ಗುರುಗಳು ಅವನನ್ನೇ ನೋಡಿದರು. "ಕೊಳ್ಳೆ ಹೊಡೆದವರ ಹೆಸರು ಕೇಳುತ್ತಿದ್ದೀಯ, ಆ ಹಳ್ಳಿಯ ಹೆಸರನ್ನಾಗಲಿ, ಆ ತಾಯಿಯ ಹೆಸರನ್ನಾಗಲಿ ನೀನು ಇನ್ನೂ ಕೇಳಿಲ್ಲ" ಎಂದರು.