ಕೊಡ ಚಮಚವಾದ ಊರು

"ಗುರುಗಳೇ, ಮಠಕ್ಕೆ ಬರುವವರು ಹೆಚ್ಚಾದರು. ಹಿತ್ತಲಿನ ತಗ್ಗಿಗೆ ಮಣ್ಣು ತುಂಬಿಸಿ ಅವರಿಗೆ ಕೋಣೆಗಳನ್ನು ಕಟ್ಟಿಸಬಹುದೇ?" ಎಂದು ಶಿಷ್ಯ ಕೇಳಿದ. ಅಳತೆಯ ದಾರ ಆಗಲೇ ಅವನ ಕೈಯಲ್ಲಿತ್ತು.

ಗುರುಗಳು ದಾರವನ್ನು ನೋಡಿ ನಕ್ಕರು. ಕೂರು ಎಂದು ಸನ್ನೆ ಮಾಡಿ ಕತೆ ಹೇಳಿದರು.

ಹೊಳೆಯೊಂದು ಸಮುದ್ರ ಸೇರುವ ಮೊದಲು ಹಲವು ಕವಲುಗಳಾಗಿ ಒಡೆಯುವ ಕಡೆ ಒಂದು ಊರಿತ್ತು. ಅಲ್ಲಿ ಮನೆ ಕಟ್ಟುವವರು ಗುದ್ದಲಿ ಪೂಜೆಯ ದಿನ ಆ ಜಾಗದಲ್ಲಿ ಒಂದು ಕೊಡ ನೀರು ಸುರಿಯಬೇಕು. ನೆರೆಹೊರೆಯವರು ಎಲೆಯಡಿಕೆ ಹಾಕಿಕೊಂಡು ಆ ನೀರು ಹರಿಯುವುದನ್ನು ನೋಡುತ್ತ ಕೂರುವರು. ನೀರು ಹರಿದ ಜಾಗವನ್ನು ಬಿಟ್ಟು ಉಳಿದದ್ದರಲ್ಲಿ ಮನೆ ಏಳುತ್ತಿತ್ತು.

ಊರಿಗೆ ಹಡಗುಗಳು ಬಂದವು. ವ್ಯಾಪಾರ ಬಂತು, ಜನ ಬಂದರು. ದಿನ ಬೆಳಗಾದರೆ ಒಂದು ಗುದ್ದಲಿ ಪೂಜೆ. ನೀರು ನೋಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಕೊಡ ಹೋಗಿ ತಂಬಿಗೆ ಬಂತು, ತಂಬಿಗೆ ಹೋಗಿ ಲೋಟ ಬಂತು. ಕೊನೆಗೆ ಪೂಜೆಯ ಚಮಚವೇ ಸಾಕಾಯಿತು. ಒಂದು ಚಮಚ ನೀರು ಬಿದ್ದಲ್ಲೇ ಇಂಗುತ್ತದೆ. ಹಾಗಾಗಿ ಯಾರೂ ಏನನ್ನೂ ಬಿಡಬೇಕಾಗಿರಲಿಲ್ಲ.

ಆ ಊರಿನಲ್ಲಿ ಹಗ್ಗ ಮಾರುವ ಒಬ್ಬ ಹೆಂಗಸಿದ್ದಳು. ತಲೆಯ ಮೇಲೆ ನಾರಿನ ಹೊರೆ ಹೊತ್ತು ಬಂದವಳು. ಈಗ ಹಡಗುಗಳಿಗೆಲ್ಲ ಅವಳದೇ ಹಗ್ಗ. ಬೀದಿಯ ಕೊನೆಯಲ್ಲಿ, ಹೊಳೆಯ ಕಡೆಗಿದ್ದ ತಗ್ಗನ್ನು ಕೊಂಡು ಮಣ್ಣು ತುಂಬಿಸಿ ಉಗ್ರಾಣ ಕಟ್ಟಲು ಹೊರಟಳು. ಪೂಜೆಯ ದಿನ ಬೀದಿಯ ಕುಂಬಾರ ಕೊಡ ಹೊತ್ತು ಬಂದ.

"ಯಾಕಪ್ಪ ಇದು? ಚಮಚ ಸಾಕು," ಎಂದಳು.

"ಅಕ್ಕಾ, ಹೊಳೆ ಚಮಚದಲ್ಲಿ ಬರುತ್ತದೆಯೇ?"

"ಕೊಡ ಮಾರಬೇಕು ಅಂದಾಗಲೆಲ್ಲ ನಿನಗೆ ಹೊಳೆಯ ನೆನಪು. ನಡಿ, ನಡಿ!"

ಉಗ್ರಾಣ ಎದ್ದಿತು. ಅಂಥ ಗೋಡೆ ಊರಿನಲ್ಲಿ ಇನ್ನೊಂದಿಲ್ಲ. ಅದನ್ನು ಒಮ್ಮೆ ತಟ್ಟದೆ ಅವಳು ಬೆಳಗಿನ ಗಂಜಿ ಕುಡಿಯುತ್ತಿರಲಿಲ್ಲ.

ಮಳೆಗಾಲ ಬಂತು. ಮಳೆ ಎಂದಿನಷ್ಟೇ ಹೊಯ್ದಿತು. ಹೊಳೆ ಎಂದಿನಷ್ಟೇ ಏರಿ ಎಂದಿನಂತೆ ಇಳಿಯಿತು. ಬೀದಿಗೆ ನುಗ್ಗಿದ ನೀರು ಮಾತ್ರ ಇಳಿಯಲಿಲ್ಲ. ಗೋಡೆಗೆ ಒರಗಿ ನಿಂತಿತು, ಬಾಗಿಲಿನಿಂದ ಉಗ್ರಾಣದ ಒಳಗೂ ಬಂತು. ಹೆಂಗಸು ಹಗ್ಗದ ಸುರುಳಿಗಳನ್ನು ಅಟ್ಟಕ್ಕೆ ಏರಿಸಿ ತಾನೂ ಅಲ್ಲೇ ಕುಳಿತಳು. ಮಳೆ ಬಿಡಲಿಲ್ಲ, ನೀರು ಅಟ್ಟದತ್ತ ಏರತೊಡಗಿತು. ಅವಳ ಬದುಕೆಲ್ಲ ಆ ಸುರುಳಿಗಳಲ್ಲಿತ್ತು.

ಕುಂಬಾರ ಹರಿಗೋಲಿನಲ್ಲಿ ಬಂದು ಕಿಟಕಿಯ ಕೆಳಗೆ ನಿಂತ. "ಅಕ್ಕಾ, ಆ ಚಮಚ ಕೊಡು. ನೀರು ಮೊಗೆದು ಹಾಕುತ್ತೇನೆ."

ಅವಳಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದಳು, ನಗು ಬಂದುಬಿಟ್ಟಿತು. "ಚಮಚ ಹಾಗಿರಲಿ. ಹಾರೆ ತಂದಿದ್ದೀಯಾ?"

"ತಂದಿದ್ದೇನೆ. ಹೇಳಲು ಧೈರ್ಯ ಇರಲಿಲ್ಲ."

ಹೊಳೆಯ ಕಡೆಯ ಗೋಡೆಗೆ ಮೊದಲ ಏಟು ಅವಳೇ ಹಾಕಿದಳು. ಬೀದಿಯವರೆಲ್ಲ ಕೈಜೋಡಿಸಿದರು. ಗೋಡೆ ಬಿರಿದದ್ದೇ ತಡ, ನೀರು ಹೊಳೆಗೆ ಓಡಿತು. ಅದರ ಜೊತೆಗೆ ಕುಂಬಾರನ ಹರಿಗೋಲೂ ಓಡಿತು. ಅವನು ಅದರ ಹಿಂದೆ ಬಿದ್ದು ಈಜಿದ್ದನ್ನು ನೋಡಿ ನೆನೆದ ಬೀದಿಯೇ ನಕ್ಕಿತು.

ಮಳೆಗಾಲ ಮುಗಿದ ಮೇಲೆ ಅವಳು ತುಂಬಿಸಿದ ಮಣ್ಣನ್ನು ನಡುವೆ ಸೀಳಿ ನೀರಿಗೆ ದಾರಿ ಬಿಟ್ಟಳು. ಆಚೆಗೊಂದು ಈಚೆಗೊಂದು ಚಿಕ್ಕ ಉಗ್ರಾಣ ಕಟ್ಟಿದಳು. ಆ ಗುದ್ದಲಿ ಪೂಜೆಗೆ ಊರಿನಲ್ಲೇ ದೊಡ್ಡದಾದ ಕೊಡವನ್ನು ಹೇಳಿ ಮಾಡಿಸಿದಳು. ಅದನ್ನು ಎತ್ತಲು ಕುಂಬಾರನೂ ಕೈ ಹಾಕಬೇಕಾಯಿತು.

ಕತೆ ಕೇಳಿ ಶಿಷ್ಯ ಉಬ್ಬಿಹೋದ. "ಹಾಗಾದರೆ ನಾವೂ ಕೊಡ ನೀರು ಸುರಿದೇ ಕಟ್ಟೋಣ, ಗುರುಗಳೇ. ಬರುವವರಿಗೆಲ್ಲ ಒಂದೊಂದು ಕೋಣೆ ಆಗುತ್ತದೆ!"

ಗುರುಗಳು ಒಂದೇ ಮಾತು ಕೇಳಿದರು. ಅದನ್ನು ಕೇಳಿ ಶಿಷ್ಯ ದಾರ ಸುತ್ತಿಕೊಂಡು ಕುಳಿತ.

"ವರ್ಷ ವರ್ಷ ತಪ್ಪದೆ ಬಂದು ಆ ತಗ್ಗಿನಲ್ಲಿ ತಂಗುವ ನೀರಿಗೆ ಯಾವ ಕೋಣೆ ಇಟ್ಟಿದ್ದೀಯಪ್ಪ?"