ಫಕೀರವ್ವನೂ ಕಳ್ಳಭತ್ತವೂ

ಬಹಳ ಬಹಳ ಹಿಂದೆ, ಮಳಲಕೊಪ್ಪ ಎಂಬ ಒಂದು ಊರಿನಲ್ಲಿ, ಫಕೀರವ್ವ ಎಂಬ ಹೆಂಗಸು ಇದ್ದಳಂತೆ. ಎಷ್ಟು ಹಿಂದೆ ಎಂದು ಹೇಳುವುದು ಕಷ್ಟ. ಊರಿನ ಯಾವ ಅಜ್ಜಿಯನ್ನು ಕೇಳಿದರೂ ತನ್ನ ಅಜ್ಜಿಯ ಕಾಲದ್ದು ಅನ್ನುತ್ತಾಳೆ. ಆ ಅಜ್ಜಿ ಬದುಕಿದ್ದು ಅವಳನ್ನು ಕೇಳಿದ್ದರೆ ಅವಳೂ ತನ್ನ ಅಜ್ಜಿಯ ಕಾಲದ್ದೇ ಅನ್ನುತ್ತಿದ್ದಳು. ಆದ್ದರಿಂದ ಬಹಳ ಹಿಂದೆ ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಫಕೀರವ್ವ ಕಳೆ ಕೀಳುವವಳು. ಕಳೆ ಅಂದರೆ ಯಾರೂ ಬಿತ್ತದೆ ಬಂದು ಬಿತ್ತಿದ್ದರ ಪಾಲು ತಿನ್ನುವ ಗಿಡ. ಇದು ಎಲ್ಲರಿಗೂ ಗೊತ್ತು, ಆದರೂ ಒಮ್ಮೆ ಹೇಳಿಬಿಡುವುದು ವಾಸಿ. ಅವಳು ಕಳೆ ಕೀಳುವ ಹೆಂಗಸರ ಗುಂಪಿಗೆ ಮುಂದಾಳು. ಮುಂದಾಳು ಅಂದರೆ ದೊಡ್ಡ ಅಧಿಕಾರವೇನಲ್ಲ. ಸಾಲಿನ ಬಲತುದಿಗೆ ಅವಳು ಕೂರುತ್ತಿದ್ದಳು. ಅವಳು ಮುಂದೆ ಸರಿದರೆ ಸಾಲೆಲ್ಲ ಸರಿಯಬೇಕು, ಅವಳು ಹಾಡು ಎತ್ತಿದರೆ ಉಳಿದವರು ದನಿಗೂಡಿಸಬೇಕು, ಅಷ್ಟೇ. ಅವಳ ಕಣ್ಣು ಬಹಳ ಚುರುಕು ಅಂತ ಹೇಳುತ್ತಾರೆ. ಕಳೆ ಇನ್ನೂ ಮಣ್ಣಿನೊಳಗೆ ಇರುವಾಗಲೇ ಅವಳಿಗೆ ಕಾಣುತ್ತಿತ್ತು ಅಂತಲೂ ಹೇಳುತ್ತಾರೆ. ಇದು ಸ್ವಲ್ಪ ಹೆಚ್ಚಾಯಿತು, ಆದರೆ ಹೇಳುವುದಂತೂ ಹಾಗೆಯೇ.

ಆ ಊರಿನ ಕೆರೆಯ ಕೆಳಗೆ ಶಿದ್ದನಗೌಡರ ದೊಡ್ಡ ಭತ್ತದ ಹೊಲ. ಊರಿನ ಹೆಂಗಸರಿಗೆಲ್ಲ ಕೆಲಸ ಆ ಹೊಲದಿಂದಲೇ, ಗಂಜಿಯೂ ಆ ಹೊಲದಿಂದಲೇ. ಆ ಹೊಲಕ್ಕೆ ಒಂದೇ ಒಂದು ಪೀಡೆ ಇತ್ತು. ಅದರ ಹೆಸರು ಕಳ್ಳಭತ್ತ. ನೋಡಲು ಭತ್ತದ ಹಾಗೆಯೇ ಇರುವ ಕಾಡುಹುಲ್ಲು ಅದು. ತೆನೆ ಬಿಟ್ಟಾಗ ಕಾಳಿನ ತುದಿಗೆ ಉದ್ದನೆಯ ಮೀಸೆ ಬರುತ್ತದೆ, ಆಗ ಗುರುತು ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಕಾಲ ಮೀರಿರುತ್ತದೆ. ಕೊಯ್ಲಿಗೆ ಮುಂಚೆ, ಒಂದು ಗಾಳಿ ಬೀಸಿದರೆ ಸಾಕು, ಅದರ ಕಾಳೆಲ್ಲ ಉದುರಿ ಮಣ್ಣು ಸೇರುತ್ತದೆ. ಗೊಬ್ಬರ ತಿಂದು, ನೀರು ಕುಡಿದು, ಒಂದು ಕಾಳನ್ನೂ ಮನೆಗೆ ಕೊಡದೆ ಮರುವರ್ಷ ಮತ್ತೆ ಹುಟ್ಟುತ್ತದೆ. ಅದಕ್ಕೇ ಕಳ್ಳಭತ್ತ.

ಫಕೀರವ್ವ ಸಣ್ಣವಳಿದ್ದಾಗ ಕಳ್ಳಭತ್ತ ಹಿಡಿಯುವುದು ಸುಲಭವಿತ್ತಂತೆ. ಅದರ ಬುಡ ಕೆಂಪಗೆ ಇರುತ್ತಿತ್ತು, ಗಿಡ ನೆಲದ ಮೇಲೆ ಕಾಲು ಚಾಚಿ ಹರಡುತ್ತಿತ್ತು. ಬಗ್ಗಿ ನೋಡಿದರೆ ಗೊತ್ತಾಗುತ್ತಿತ್ತು, ಕಿತ್ತು ಎಸೆಯುತ್ತಿದ್ದರು. ಅವಳು ಮುಂದಾಳು ಆದ ಮೇಲೆ ಕೆಂಪು ಬುಡದ್ದು ಒಂದೂ ತಪ್ಪಿಸಿಕೊಳ್ಳಲಿಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಕಳ್ಳಭತ್ತ ಹೆಚ್ಚುತ್ತಲೇ ಹೋಯಿತು. ಕಳೆ ಕೀಳುವಾಗ ಒಂದೂ ಕಾಣುವುದಿಲ್ಲ, ತೆನೆ ಬಂದಾಗ ನೋಡಿದರೆ ಹೊಲದ ತುಂಬ ಮೀಸೆ!

ಒಂದು ಸುಗ್ಗಿಯಲ್ಲಿ ಗೌಡರು ಬದುವಿನ ಮೇಲೆ ನಿಂತು ಆ ಮೀಸೆಗಳನ್ನು ನೋಡಿದರು. ಆಮೇಲೆ ಫಕೀರವ್ವನನ್ನು ಕರೆದರು.

“ನಿನ್ನ ಕಣ್ಣ ಮಂಜಾಗ್ಯಾವವಾ ಫಕೀರವ್ವ. ಮುಂದಿನ ವರ್ಷದಿಂದ ಈ ಹೊಲಾ ದನಕ್ಕ ಬಿಡ್ತೀನಿ. ಅವಾದ್ರೂ ಹೊಟ್ಟಿ ತುಂಬಾ ತಿಂತಾವ.”

ಹೊಲ ದನಕ್ಕೆ ಬಿಟ್ಟರೆ ಹೆಂಗಸರೆಲ್ಲ ಕೆಲಸ ಹುಡುಕಿಕೊಂಡು ಪರಊರಿಗೆ ಹೋಗಬೇಕು. ಅದೂ ತನ್ನ ಕಣ್ಣಿನ ದೆಸೆಯಿಂದ. ಫಕೀರವ್ವನಿಗೆ ಅನ್ನ ಸೇರಲಿಲ್ಲ. ಅವಳು ಕಣ್ಣಿಗೆ ಹರಳೆಣ್ಣೆ ಬಿಟ್ಟುಕೊಂಡಳು. ಎಣ್ಣೆ ಸುರಿಸಿಕೊಂಡು ಹೊಲಕ್ಕೆ ಬಂದವಳನ್ನು ಕಂಡು ಅವಳ ಜೊತೆಗಾತಿ ಯಮನವ್ವ ಹಣೆ ಚಚ್ಚಿಕೊಂಡಳಂತೆ. ಯಮನವ್ವ ಸಾಲಿನಲ್ಲಿ ಅವಳ ಪಕ್ಕಕ್ಕೇ ಕೂರುವವಳು, ಬಾಯಿ ಸ್ವಲ್ಪ ಜೋರು.

“ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡು ಅಂದ್ರ ಖರೇನ ಬಿಟ್ಕೊಂಡಿ ಏನಬೇ? ನಡೀ, ಮಾರಿ ತೊಳ್ಕೊ.”

ಇಬ್ಬರೂ ಕೆರೆಯ ಕೋಡಿಯ ಹತ್ತಿರ ಹೋದರು. ಅಲ್ಲಿ ಯಾರೂ ಬಿತ್ತುವುದಿಲ್ಲ, ಆದ್ದರಿಂದ ಯಾರೂ ಕಳೆ ಕೀಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಬೇಕು, ಕಥೆಯ ಕೀಲು ಇರುವುದೇ ಇಲ್ಲಿ. ಫಕೀರವ್ವ ಮುಖ ತೊಳೆದು ಕಣ್ಣು ಬಿಟ್ಟರೆ ಎದುರಿಗೇ ಕಳ್ಳಭತ್ತ. ಕೆಂಪು ಬುಡ, ಕಾಲು ಚಾಚಿದ ಗಿಡ, ಥೇಟು ಅವಳು ಸಣ್ಣವಳಿದ್ದಾಗ ಕಂಡಂಥದ್ದು! ತವರಿನವರು ಸಿಕ್ಕ ಹಾಗಾಯಿತು ಅವಳಿಗೆ. ಅದನ್ನು ಕಿತ್ತುಕೊಂಡು ಹೊಲಕ್ಕೆ ಓಡಿದಳು. ಹೊಲದಲ್ಲಿ ಮೀಸೆ ಬಿಟ್ಟಿದ್ದ ಒಂದು ಗಿಡ ಕಿತ್ತಳು. ಎರಡನ್ನೂ ಬದುವಿನ ಮೇಲೆ ಜೋಡಿಸಿ ಇಟ್ಟಳು.

ಮೀಸೆ ಒಂದೇ. ಕಾಳೂ ಒಂದೇ, ಮುಟ್ಟಿದರೆ ಉದುರುತ್ತದೆ. ಆದರೆ ಕೋಡಿಯದು ಕುಡಿದು ಬಿದ್ದವನ ಹಾಗೆ ಚೆಲ್ಲಾಪಿಲ್ಲಿ, ಕೆಂಪು ಬುಡ. ಹೊಲದ್ದು ಹೊಸ ಸೊಸೆಯ ಹಾಗೆ ನೆಟ್ಟಗೆ, ಹಸಿರು ಬುಡ, ಪಕ್ಕದ ಭತ್ತಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ.

ಯಮನವ್ವ ಎದೆ ಮುಟ್ಟಿಕೊಂಡಳು. ಇದು ಯಾರೋ ಮಾಡಿಸಿದ ಮಾಟ, ಹುಲ್ಲಿಗೆ ಬುದ್ಧಿ ಬಂದಿದೆ, ನಮ್ಮ ಕಣ್ಣು ತಪ್ಪಿಸಲು ವೇಷ ಹಾಕಿದೆ ಅಂದಳು.

ಫಕೀರವ್ವ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ಒಂದು ಗಿಡ ನೋಡಿದಳು, ಇನ್ನೊಂದು ಗಿಡ ನೋಡಿದಳು. ಆಮೇಲೆ ತನ್ನ ಎರಡು ಕೈ ನೋಡಿಕೊಂಡಳು. ನೋಡಿ ನಕ್ಕಳು. ಆ ನಗುವಿಗೆ ಕೆರೆಯ ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿದವು ಅಂತ ಹೇಳುತ್ತಾರೆ.

“ಹುಲ್ಲಿಗೆ ಎಲ್ಲಿ ಬುದ್ಧಿ ಬೇ? ಎಲ್ಲಾ ಕಳ್ಳಭತ್ತಾ ಒಂದ ನಮೂನಿ ಇರ್ತಾವೇನು? ನಿನ್ನ ಆರು ಮಕ್ಕಳು ಒಂದ ನಮೂನಿ ಅದಾರೇನು? ಕೆಂಪ ಬುಡದ್ದೆಲ್ಲಾ ನಾವ ಕಿತ್ತಿವಿ. ಎಲ್ಲೋ ಒಂದು ಹಸರ ಬುಡದ್ದು ಕಣ್ಣ ತಪ್ಪಿಸ್ತು, ಅದು ಕಾಳು ಉದುರಿಸ್ತು. ಮರುವರ್ಷ ಬಂದಿದ್ದು ಅದರ ಮಕ್ಕಳು. ಅದರಾಗೂ ನೆಟ್ಟಗ ಇದ್ದದ್ದು ಉಳೀತು, ಕಾಲು ಚಾಚಿದ್ದು ಹೋತು. ಅದಕ್ಕ ವೇಷಾ ಹಾಕಿ ಕಳಿಸಿದಾಕಿ ನಾನ!”

ಸುಮ್ಮನೆ ಹೇಳಿದರೆ ತಿಳಿಯಲಿಕ್ಕಿಲ್ಲ, ಬಿಡಿಸಿ ಹೇಳಬೇಕು. ಯಾವ ಗಿಡವೂ ಏನನ್ನೂ ಕಲಿತಿರಲಿಲ್ಲ. ಒಂದು ಗಿಡವೂ ತನ್ನ ಬಣ್ಣ ತಾನು ಬದಲಾಯಿಸಿರಲಿಲ್ಲ. ಯಾವುದು ಉಳಿಯಿತೋ ಅದಕ್ಕೆ ಮಕ್ಕಳಾದವು, ಮಕ್ಕಳು ತಾಯಿಯನ್ನು ಹೋಲಿದವು, ಹೀಗೆ ವರ್ಷಗಳು ಕಳೆದು ಹೊಲದ ಕುಲವೇ ಬೇರೆಯಾಯಿತು. ಕೋಡಿಯಲ್ಲಿ ಕೀಳುವವರಿರಲಿಲ್ಲ, ಅಲ್ಲಿ ಹಳೆಯ ಕುಲವೇ ಉಳಿಯಿತು. ಫಕೀರವ್ವನ ಕಣ್ಣು ಮಂಜಾಗಿದ್ದರೆ ಹೀಗಾಗುತ್ತಲೇ ಇರಲಿಲ್ಲ. ಚುರುಕಾಗಿದ್ದಕ್ಕೇ ಆಯಿತು.

ಮಾತು ಕೇಳುತ್ತ ಕೇಳುತ್ತ ಯಮನವ್ವ, ರೂಢಿಯಂತೆ, ಬದುವಿನ ಮೂಲೆಯ ಲಕ್ಕಿಗಿಡದ ಮರೆಯಲ್ಲಿದ್ದ ಒಂದು ಕರಿಗರಿಯ ಗಿಡಕ್ಕೆ ಕೈ ಹಾಕಿದಳು. ಬದನೆಕಾಯಿ ಬಣ್ಣದ ಎಲೆ ಅದರದ್ದು. ಅಂಥವು ವರ್ಷಕ್ಕೆ ಒಂದೋ ಎರಡೋ ಹುಟ್ಟುತ್ತಿದ್ದವು, ಬೇರೆ ಬಣ್ಣ ಕಂಡ ಕೂಡಲೇ ಕಿತ್ತು ಎಸೆಯುತ್ತಿದ್ದರು.

“ತಡಿಯಬೇ!” ಅಂದಳು ಫಕೀರವ್ವ.

ತೆನೆ ಹಿಡಿದು ಅಲ್ಲಾಡಿಸಿದಳು. ಒಂದು ಕಾಳೂ ಉದುರಲಿಲ್ಲ. ಮೀಸೆಯೂ ಇಲ್ಲ. ಕಾಳು ಒಡೆದು ನೋಡಿದರೆ ಒಳಗೆ ಬಿಳಿ ಅಕ್ಕಿ. ಅದು ಕಳೆಯಲ್ಲ, ಭತ್ತವೇ; ಬಣ್ಣ ಮಾತ್ರ ಬೇರೆ.

ಅವಳು ಗೌಡರ ಮನೆಗೆ ಹೋಗಿ, ಮೂರು ಬಿತ್ತನೆ ತಡೆಯಿರಿ, ಅಲ್ಲಿಯವರೆಗೆ ದನ ಬಿಡಬೇಡಿ ಎಂದು ಕೇಳಿಕೊಂಡಳು. ಮೂರನೆಯ ಸುಗ್ಗಿಯಲ್ಲೂ ಮೀಸೆ ಕಂಡರೆ ತಾನೇ ಮೊದಲು ಊರು ಬಿಡುವೆನೆಂದಳು. ಗೌಡರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಆ ಒಂದು ಗಿಡದ ಕಾಳನ್ನು ಅವಳು ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಬಿತ್ತಿದಳು. ಕೋಳಿಗಳನ್ನು ಬೈದು ಬೈದು ಅವಳ ಗಂಟಲು ಕಟ್ಟಿತಂತೆ. ಕರಿಯದರ ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಗಿಡ ಬಂತು. ಅವಳು ಹಸಿರನ್ನು ಕಿತ್ತು ಕರಿಯದನ್ನು ಬಿಟ್ಟಳು. ಬೇಲಿಯಾಚೆ ನಿಂತ ಹೆಂಗಸರು, ಫಕೀರವ್ವ ಭತ್ತ ಕಿತ್ತು ಕಳೆ ಬೆಳೆಸುತ್ತಿದ್ದಾಳೆ, ಪಾಪ, ಕಣ್ಣಿನ ಸಂಗಡ ತಲೆಯೂ ಹೋಯಿತು ಎಂದು ಲೊಚಗುಟ್ಟಿದರು. ಅವಳು ಸಿಟ್ಟಾಗಲಿಲ್ಲ. ಮೊದಲು ತಿಳಿಯದೆ ಮಾಡಿದ ಕೆಲಸವನ್ನೇ ಈಗ ತಿಳಿದು ಮಾಡುತ್ತಿದ್ದಳು, ಅಷ್ಟೇ. ಮರುವರ್ಷ ಹಿತ್ತಲು ತುಂಬಿತು. ಆ ಸುಗ್ಗಿಯಲ್ಲೇ ಗೌಡರ ಹೊಲಕ್ಕೆ ಸಾಲುವಷ್ಟು ಬೀಜ ಬಂತು.

ಮೂರನೆಯ ಬಿತ್ತನೆಗೆ ಹೊಲವೆಲ್ಲ ಕರಿಭತ್ತ ಎದ್ದಿತು. ಕೆರೆಯ ಕೆಳಗೆ ಎಮ್ಮೆ ಹಿಂಡು ಮಲಗಿದ ಹಾಗೆ ಕಾಣುತ್ತಿತ್ತಂತೆ. ಗೌಡರು ಅದನ್ನು ಕಂಡು, ಬೆಳೆ ಸುಟ್ಟುಹೋಯಿತು ಎಂದು ಬೊಬ್ಬೆ ಹಾಕುತ್ತ, ಒಂದೇ ಚಪ್ಪಲಿಯಲ್ಲಿ ಓಡಿಬಂದರಂತೆ.

“ಸುಟ್ಟಿಲ್ಲರೀ ಗೌಡ್ರ, ಅದರ ಬಣ್ಣಾನ ಅಷ್ಟು. ಈಗ ನಿಮ್ಮವ್ವಾರನ್ನ ಕಳಸ್ರಿ, ಕಳಿ ಕೀಳಾಕ” ಅಂದಳು ಫಕೀರವ್ವ.

ಗೌಡರ ತಾಯಿಗೆ ತನ್ನ ಮೊಮ್ಮಕ್ಕಳಲ್ಲಿ ಯಾರು ಯಾರೆಂದು ಗುರುತು ಸಿಗದಷ್ಟು ಕಣ್ಣು ಮಂಜು. ಅಂಥ ಮುದುಕಿ ಹೊಲಕ್ಕೆ ಇಳಿದರು. ಕರಿ ಸಾಲಿನ ನಡುವೆ ಕಳ್ಳಭತ್ತ ಹಸಿರಾಗಿ, ಗಿಣಿಯ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು. ಮುದುಕಿ ನಗುತ್ತ ನಗುತ್ತ ಉಡಿ ತುಂಬ ಕಿತ್ತರಂತೆ. ಹೆಂಗಸರು ಹಾಡು ಎತ್ತುವುದನ್ನೂ ಮರೆತು ಕಿತ್ತರು. ಆ ಸುಗ್ಗಿಯಲ್ಲಿ ಹೊಲದಲ್ಲಿ ಕಂಡ ಮೀಸೆ ಎಂದರೆ ಗೌಡರದೊಂದೇ ಅಂತ ಹೇಳುತ್ತಾರೆ. ದನ ಬಿಡುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಕಥೆ ಇಲ್ಲಿಗೆ ಮುಗಿಯಬಹುದಿತ್ತು, ಆದರೆ ಮುಗಿಯುವುದಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಯಮನವ್ವ ಅಳುತ್ತ ಒಂದು ಗಿಡ ತಂದಳು. ಗರಿ ಕರಿಯದು, ತೆನೆಗೆ ಉದ್ದನೆಯ ಮೀಸೆ. ಗಾಳಿಯಲ್ಲಿ ಕರಿಭತ್ತದ ಹೂವಿನ ಪುಡಿ ಹಾರಿ ಕಳ್ಳಭತ್ತದ ಹೂವನ್ನು ಸೇರಿತ್ತು, ಕರಿಗರಿಯ ಕಳ್ಳ ಹುಟ್ಟಿದ್ದ. ಅಷ್ಟರಲ್ಲಿ ಫಕೀರವ್ವ ಹಣ್ಣು ಹಣ್ಣು ಮುದುಕಿಯಾಗಿದ್ದಳು, ಹೊಲಕ್ಕೂ ಹೋಗುತ್ತಿರಲಿಲ್ಲ. ಆ ಗಿಡ ನೋಡಿ ಮತ್ತೆ ಹಾಗೆಯೇ ನಕ್ಕಳು.

“ಅಳತೀ ಯಾಕಬೇ? ಅವ ಕರೀ ಅಂಗಿ ಹೊಲಿಸ್ಯಾನ. ನೀವು ಹಸರ ಭತ್ತಾ ಬಿತ್ರಿ. ಅವ ಹಸರ ಅಂಗಿ ತೊಟ್ಟಾಗ ಮತ್ತ ಕರೇದು ಬಿತ್ರಿ. ಕೈ ನಿಂದ್ರಸಬ್ಯಾಡ್ರಿ, ಅಷ್ಟ.”

ಮಳಲಕೊಪ್ಪದವರು ಇಂದಿಗೂ ಹಾಗೆಯೇ ಮಾಡುತ್ತಾರೆ. ಕೆಲವು ವರ್ಷ ಹೊಲ ಹಸಿರು, ಕೆಲವು ವರ್ಷ ಕರಿ. ದೂರದಿಂದ ಬಂದವರು ಬೆಳೆಗೆ ಏನಾಯಿತೆಂದು ಗಾಬರಿಯಾಗಿ ಕೇಳುತ್ತಾರೆ, ಊರವರು ನಗುತ್ತಾರೆ. ಇನ್ನೊಂದು ರೂಢಿಯೂ ಇದೆ. ಕಳೆ ಕೀಳುವ ಮೊದಲ ದಿನ, ಯಾವುದನ್ನೂ ಹೋಲದ ಒಂದು ಗಿಡ ಕೈಗೆ ಸಿಕ್ಕರೆ ಅದನ್ನು ಕೀಳುವುದಿಲ್ಲ. ಸೀರೆಯ ಅಂಚಿನ ಒಂದು ಎಳೆ ಕಟ್ಟಿ, ಸುಗ್ಗಿಯವರೆಗೆ ಬಿಡುತ್ತಾರೆ. ಸಾಮಾನ್ಯವಾಗಿ ಅದು ಬರೀ ಹುಲ್ಲಾಗಿರುತ್ತದೆ, ಕೊನೆಗೆ ಎಮ್ಮೆಯ ಹೊಟ್ಟೆ ಸೇರುತ್ತದೆ. ಆದರೂ ಮರುವರ್ಷ ಯಾರದೋ ಕೈ ಒಂದು ಗಿಡದ ಮೇಲೆ ಹೋದಾಗ ಪಕ್ಕದವಳು ಆ ಕೈ ಹಿಡಿಯುತ್ತಾಳೆ.

“ತಡಿಯಬೇ,” ಅನ್ನುತ್ತಾಳೆ, “ಫಕೀರವ್ವ ಒಮ್ಮೆ ನೋಡ್ಲಿ.”